ಮರಾಠಿ ಹಾಡು, ಕನ್ನಡ ಅಕ್ಷರ

ಬಹಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ, ಈಗ ಕಾಲ ಕೂಡಿ ಬಂತು. ಬ್ಲಾಗ್ ಬಂಧುಗಳು ಊರ ಜಾತ್ರೆ, ಅಜ್ಜಿಯ ಮಡಿ, ಮಠದ ಪ್ರಸಾದ, ಮೊಹರಮ್ಮಿನ ಹೆಜ್ಜೆ ಮೇಳ ಎಲ್ಲದರ ಬಗ್ಗೆಯೂ ಚೆಂದ ಚೆಂದ ಬರೆದಿದ್ದೀರಿ. ಚರ್ಚಿನ ಬಗ್ಗೆ ಹುಡುಕಿದರೆ ಸಿಗುವುದು ಹೆಚ್ಚಾಗಿ ಮಂಗಳೂರು ಕಡೆಯ ಕ್ರಿಸ್‌ಮಸ್, ಕುಸ್ವಾರ್, ಮೊಂತಿ ಹಬ್ಬ. ನಮ್ಮ ಕಡೆಯ ಕಥೆ ಬೇರೆ. ನಮ್ಮ ಕಡೆ ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕಬ್ಬು, ತಂಬಾಕು, ಚಪ್ಪಲಿ, ಮತ್ತೆ ಒಂದೇ ಬಾಯಲ್ಲಿ ಎರಡು ಭಾಷೆ.

ನಾನಿರುವುದು ನಿಪ್ಪಾಣಿಯಲ್ಲಿ, ಕೆಲಸ ಚಿಕ್ಕೋಡಿಯ ಒಂದು ಬ್ಯಾಂಕಿನಲ್ಲಿ. ವರ್ಗವಾಗಿ ಬಂದ ಹೊಸಬರು ನನ್ನ ಹೆಸರು ತಿಳಿದ ಮೇಲೆ ಒಂದೆರಡು ದಿನ ಬಿಟ್ಟು ಮೆಲ್ಲಗೆ ಕೇಳುತ್ತಾರೆ, "ನೀವು ರೋಮನ್ನೋ, ಪ್ರಾಟೆಸ್ಟಂಟೋ?" ಪ್ರಾಟೆಸ್ಟಂಟ್, ಅದರಲ್ಲೂ ಪ್ರೆಸ್ಬಿಟೇರಿಯನ್ ಮೂಲದವರು ಅಂದರೆ ಮುಖ ಸಣ್ಣಗಾಗುತ್ತದೆ :-) ಆಗ ನಾನು ಬಿಡಿಸಿ ಹೇಳುತ್ತೇನೆ. ಗ್ರೀಕ್ ಭಾಷೆಯಲ್ಲಿ ಪ್ರೆಸ್ಬುಟೆರೊಸ್ ಅಂದರೆ ಹಿರಿಯ. ಪಾದ್ರಿ ಒಬ್ಬರೇ ಎಲ್ಲ ನಡೆಸುವುದಿಲ್ಲ, ಜನ ಆರಿಸಿದ ಹಿರಿಯರು ಅವರ ಜೊತೆ ಕೂತು ಸಭೆ ನಡೆಸುತ್ತಾರೆ. ಇದನ್ನು ಕೇಳಿದ ಅಥಣಿ ಕಡೆಯ ಸಹೋದ್ಯೋಗಿಯೊಬ್ಬರು, "ಅಲ್ರೀ, ಇದು ನಮ್ಮೂರ ದೈವದವ್ರು ಕೂಡಿಧಂಗ ಆತು. ಇದಕ್ಕ ಅಷ್ಟ್ ದೊಡ್ಡ ಹೆಸರು ಯಾಕ್ರೀ?" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲಿಕ್ಕೆ ಬರುವುದಿಲ್ಲ.

ಮಿಶನರಿ ಅಂದ ಕೂಡಲೆ ಕನ್ನಡಿಗರಿಗೆ ನೆನಪಾಗುವವರು ಕಿಟೆಲ್. ಅವರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿತು. ಅವರ ಕೆಲಸ ಕನ್ನಡದಲ್ಲಿ ನಡೆಯಿತು. ಬೆಳಗಾವಿಗೆ 1820ರಲ್ಲೇ ಲಂಡನ್ ಮಿಶನ್ ಬಂದಿತ್ತು, 1904ರಲ್ಲಿ ಅದರ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ನಮ್ಮ ಕಡೆಗೆ ಬಂದವರು ಇವರಿಬ್ಬರೂ ಅಲ್ಲ. ಅವರು ಬಂದದ್ದು ಕೊಲ್ಹಾಪುರದಿಂದ.

ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಕೊಲ್ಹಾಪುರಕ್ಕೆ ಬಂದದ್ದು 1852ರಲ್ಲಿ. 1870ರಲ್ಲಿ ಆ ಮಿಶನ್ ಅಮೆರಿಕದ ಪ್ರೆಸ್ಬಿಟೇರಿಯನ್ನರ ಕೈಗೆ ಬಂತು. 1889ರಲ್ಲಿ ಅದೇ ಮಿಶನ್ನಿನಿಂದ ಕೆನಡಾ ಮೂಲದ ಡಾಕ್ಟರ್ ವಿಲಿಯಂ ವಾನ್ಲೆಸ್ ಬಂದರು, ಮೊದಲು ಸಾಂಗಲಿಗೆ, ಆಮೇಲೆ ಮಿರಜಕ್ಕೆ. ಮಿರಜದ ಆಸ್ಪತ್ರೆ ಶುರುವಾದದ್ದು 1894ರಲ್ಲಿ. ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ ವರ್ಷ! ಕಾಗವಾಡದಿಂದ ಮಿರಜ ತೀರ ಹತ್ತಿರ. ಶೇಡಬಾಳ, ಉಗಾರ, ಕುಡಚಿ, ರಾಯಬಾಗದವರಿಗೆ ರೈಲೂ ಇತ್ತು. ಹಿಂದಿನ ತಲೆಮಾರಿನಲ್ಲಿ ಈ ಭಾಗದ ಯಾವ ಜಾತಿಯ ಮನೆಯಲ್ಲಿ ಕೇಳಿದರೂ ಯಾರಾದರೊಬ್ಬರು "ಮಿರಜ ಮಿಶನ್ ದವಾಖಾನಿ"ಗೆ ಹೋಗಿ ಬಂದವರಿರುತ್ತಿದ್ದರು. ನನ್ನ ಅಜ್ಜಿ ಅಲ್ಲಿ ಆಯಾ ಕೆಲಸ ಮಾಡಿದವಳು. ನಮ್ಮ ಮನೆಗೆ ಚರ್ಚು ಬಂದದ್ದು ಆ ದವಾಖಾನೆಯ ಬಾಗಿಲಿನಿಂದಲೇ.

ಹೀಗಾಗಿ ಆ ಕಡೆಯ ಪಾದ್ರಿಗಳು ಮಾತಾಡಿದ್ದು ಮರಾಠಿ, ಬೈಬಲ್ ಮರಾಠಿ, ಹಾಡುಗಳು ಮರಾಠಿ. 1924ರಲ್ಲಿ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಶನಲ್ ಸಭೆಯವರೂ ಕೂಡಿ ಯುನೈಟೆಡ್ ಚರ್ಚ್ ಆಫ್ ನಾರ್ದರ್ನ್ ಇಂಡಿಯಾ ಆಯಿತು. 1970ರ ನವೆಂಬರ್ 29ರಂದು ಅದೂ ಸೇರಿದಂತೆ ಆರು ಸಭೆಗಳು ನಾಗಪುರದಲ್ಲಿ ಒಂದಾಗಿ ಚರ್ಚ್ ಆಫ್ ನಾರ್ತ್ ಇಂಡಿಯಾ ಹುಟ್ಟಿತು. ತಮಾಷೆ ನೋಡಿ, ಕರ್ನಾಟಕದಲ್ಲಿದ್ದರೂ ನಾವು ಉತ್ತರ ಭಾರತದ ಸಭೆಯವರು! ಬಿಷಪ್ಪರು ಬಂದರು, ಬೋರ್ಡಿನ ಮೇಲಿನ ಹೆಸರು ಬದಲಾಯಿತು. ಆದರೆ ಹಿರಿಯರು ಕೂತು ತೀರ್ಮಾನ ಮಾಡುವ ಅಭ್ಯಾಸ ನಮ್ಮ ಸಭೆಯಿಂದ ಹೋಗಲಿಲ್ಲ.

ನಮ್ಮ ರವಿವಾರ ಹೇಗಿರುತ್ತದೆ ಅಂತ ಹೇಳುತ್ತೇನೆ. ಒಂಬತ್ತಕ್ಕೆ ಮಕ್ಕಳ ಸಂಡೇ ಸ್ಕೂಲ್. ಜಮಖಾನೆ ಹಾಸಿ, ಸಣ್ಣವರು ಒಂದು ಮೂಲೆ, ದೊಡ್ಡವರು ಇನ್ನೊಂದು ಮೂಲೆ. ಹತ್ತಕ್ಕೆ ಗಂಟೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅದರಲ್ಲಿ ಕೆಲವು ಜೋಡಿ ಹಾಕಿಕೊಂಡವರೇ ಹೊಲಿದದ್ದು, ಅದಕ್ಕೆ ಅವರು ಕಾಲು ಬಿಡುವಾಗ ಬಹಳ ಜೋಪಾನ. ಒಳಗೆ ಹಾರ್ಮೋನಿಯಂ, ತಬಲಾ, ತಾಳ. ಹಾಡು, ಪ್ರಾರ್ಥನೆ, ಶಾಸ್ತ್ರಪಾಠ, ಪ್ರಸಂಗ, ಕಾಣಿಕೆ, ಕೊನೆಗೆ ಆಶೀರ್ವಾದ. ತಿಂಗಳಿಗೊಮ್ಮೆ ಪ್ರಭುಭೋಜನ. ಹಾಡುಗಳಲ್ಲಿ ಬಹಳಷ್ಟು ರೆವರೆಂಡ್ ನಾರಾಯಣ ವಾಮನ ಟಿಳಕರವು. 1861ರಲ್ಲಿ ಹುಟ್ಟಿ 1919ರಲ್ಲಿ ತೀರಿಹೋದ ಕವಿ. ಅವರ ಭಜನೆಗಳಿಗೆ ಅಭಂಗದ ಗತ್ತಿದೆ. ಕಣ್ಣು ಮುಚ್ಚಿ ಕೂತರೆ ಪಂಢರಪುರದ ದಿಂಡಿಯೊಂದು ರಸ್ತೆಯಲ್ಲಿ ಹೋಗುತ್ತಿದೆಯೇನೋ ಅನ್ನಿಸಬೇಕು, ಹಾಗೆ ತಾಳ ಬೀಳುತ್ತದೆ.

ಮುಗಿದ ಮೇಲೆ ಅಂಗಳದಲ್ಲಿ ಅರ್ಧ ತಾಸು ಚಹಾ. ಯಾರ ಮಗನಿಗೆ ಹೆಣ್ಣು ನೋಡಿದ್ದಾರೆ, ಯಾರ ಬೋರಿಗೆ ನೀರು ಬಂತು, ಯಾರು ದವಾಖಾನೆಯಲ್ಲಿದ್ದಾರೆ, ಎಲ್ಲ ತಿಳಿಯುವುದು ಅಲ್ಲೇ. ಬುಧವಾರ ಹೆಂಗಸರ ಮಂಡಳ. ಶುಕ್ರವಾರ ಒಂದೊಂದು ವಾರ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಯಾರ ಮನೆಯೋ ಅವರು ಅವಲಕ್ಕಿ ಇಲ್ಲಾ ಮಂಡಾಳ ಒಗ್ಗರಣೆ ಮಾಡುತ್ತಾರೆ.

ಇನ್ನು ಸುಗ್ಗಿಯ ಉಪಕಾರಸ್ತುತಿಯ ದಿನವಂತೂ ನೀವು ನೋಡಲೇಬೇಕು. ಮೊದಲ ಫಲ ಅಂತ ಕಬ್ಬಿನ ಗಳ, ಬೆಲ್ಲದ ಪೆಂಟಿ, ಜೋಳ, ಕುಂಬಳಕಾಯಿ, ಜೀವಂತ ಕೋಳಿ, ಒಮ್ಮೊಮ್ಮೆ ಒಂದು ಮೇಕೆಮರಿಯೂ ಬರುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು. ಹಿರಿಯರೊಬ್ಬರು "ಏಕ್ ವಾರ್, ದೋನ್ ವಾರ್" ಅಂತ ಕೂಗುತ್ತಾರೆ, ಹಿಂದಿನಿಂದ ಯಾರೋ "ಇನ್ನ ಐವತ್ತ ಹೆಚ್ಚಗಿ ಹಿಡೀರಿ!" ಅನ್ನುತ್ತಾರೆ. ಅಲ್ಲಿ ಭಾಷೆ ಯಾವುದು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಕೇಳಿದ್ದು ಒಳಗಿನ ಪ್ರಾರ್ಥನೆಯ ಬಗ್ಗೆ. ಕೆಲವು ವರ್ಷದ ಹಿಂದೆ ವಾರ್ಷಿಕ ಸಭೆಯಲ್ಲಿ ನಾಲ್ಕೈದು ಎಳೆಯ ತಂದೆತಾಯಿಗಳು ಎದ್ದು ನಿಂತರು. ರಾಯಬಾಗ, ಕಾಗವಾಡ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದವರು. "ನಮ್ಮ ಮಕ್ಕಳು ಶಾಲಿಯೊಳಗ ಕನ್ನಡ ಕಲಿತಾರ. ಇಲ್ಲಿ ಬಂದು ಒಂದೂವರಿ ತಾಸು ಗೊಂಬಿಗತೆ ಕುಂತು ಹೋಗ್ತಾರ. ಆರಾಧನೆ ಕನ್ನಡದಾಗ ಮಾಡ್ರಿ," ಅಂದರು. ಒಬ್ಬ ಹಳೆಯ ಹಿರಿಯರು ಕೂತಲ್ಲಿಂದಲೇ ಹೇಳಿದರು, "ನಮ್ಮ ಅಪ್ಪ, ಅಜ್ಜ ಇದೇ ಭಾಷಾದಾಗ ಸತ್ತಾರ. ನಾನೂ ಇದೇ ಭಾಷಾದಾಗ ಸಾಯಾವ." ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ಊರು ಗೊತ್ತಿದ್ದವರಿಗೆ ಈ ಮೌನ ಅರ್ಥವಾಗುತ್ತದೆ. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದ ಸೀಮೆ ಇದು. 1967ರಲ್ಲಿ ಮಹಾಜನ ಆಯೋಗ ತನ್ನ ವರದಿಯಲ್ಲಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬಹುದು ಅಂದಿತ್ತು. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲಿ ಅಂಗಡಿಯ ಬೋರ್ಡಿನಲ್ಲಿ ಯಾವ ಅಕ್ಷರ ಮೇಲೆ, ಯಾವುದು ಕೆಳಗೆ ಅನ್ನುವುದಕ್ಕೂ ಜಗಳ ಆಗುತ್ತದೆ. ನಲವತ್ತು ಮನೆಗಳ ಒಂದು ಸಣ್ಣ ಸಭೆ ಈ ಮಾತನ್ನು ಗಟ್ಟಿಯಾಗಿ ಆಡಿದರೆ ಹೊರಗಿನವರು ಬಂದು ಅದನ್ನು ತಮ್ಮದು ಮಾಡಿಕೊಳ್ಳಲಿಕ್ಕೆ ಎಷ್ಟು ಹೊತ್ತು? ಕನ್ನಡ ಬೇಕು ಅಂದವರೂ ಬೇಡ ಅಂದವರೂ ಹೆದರಿದ್ದು ಅದಕ್ಕೇ.

ನನ್ನ ಮನೆಯಲ್ಲಂತೂ ಎರಡೂ ಪಕ್ಷ ಒಂದೇ ಒಲೆಯ ಮುಂದೆ. ಆಯಿ ಬಯ್ಯುವುದು ಕನ್ನಡದಲ್ಲಿ, ಲೆಕ್ಕ ಮಾಡುವುದು ಮರಾಠಿಯಲ್ಲಿ, ಪ್ರಾರ್ಥನೆಯೂ ಮರಾಠಿಯಲ್ಲೇ. ಹೆಂಡತಿ ಅಥಣಿ ಕಡೆಯವಳು, ಕನ್ನಡದಲ್ಲಿ ಪ್ರಾರ್ಥನೆ ಕಲಿತು ಬಂದವಳು. ಮದುವೆಯಾದ ಹೊಸತರಲ್ಲಿ ನಮ್ಮ ಚರ್ಚಿನಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳಂತೆ. ಮಗಳಿಗೆ ರಾತ್ರಿ ಮಲಗುವಾಗ ಒಂದು ದಿನ ಅಜ್ಜಿಯ ಪ್ರಾರ್ಥನೆ, ಒಂದು ದಿನ ಅವ್ವನದು.

"ಆಯಿ, ನಿನಗ ಏನ್ ಅನಸ್ತದ?" ಅಂತ ಕೇಳಿದೆ.

"ನೀವ್ ಏನರ ಮಾಡ್ರಿ. ಜ್ವರ ಬಂದಾಗ ನನಗ ಬಾಯಿಗೆ ಬರೂದು ಒಂದ. ಅದನ್ನ ಮಾತ್ರ ಕಸಗೋಬ್ಯಾಡ್ರಿ."

ಹೆಂಡತಿ ರೊಟ್ಟಿ ಬಡಿಯುತ್ತಲೇ ಅಂದಳು, "ಅತ್ತಿ, ನನಗೂ ಹಂಗ ಅದ."

ಇಬ್ಬರೂ ನಕ್ಕರು. ನನಗೆ ಮಾತ್ರ ಆ ಎರಡು ಮಾತು ತಲೆಯಲ್ಲಿ ಉಳಿಯಿತು.

ಹಿರಿಯರ ಕಮಿಟಿಯಲ್ಲಿ ಆರು ಜನ, ಅದರಲ್ಲಿ ಇಬ್ಬರು ಹೆಂಗಸರು. ಅವರು ಕೈ ಎತ್ತಿಸಿ ಮತ ಹಾಕಿಸಬಹುದಿತ್ತು, ಹಾಕಿಸಲಿಲ್ಲ. ಒಂದು ತಿಂಗಳು ಇಬ್ಬಿಬ್ಬರಂತೆ ಮನೆಮನೆಗೆ ಹೋದರು. ಇಬ್ಬರು ಹೆಂಗಸರಲ್ಲಿ ಒಬ್ಬರು ನಿವೃತ್ತ ನರ್ಸ್, ಮಿರಜದಲ್ಲಿ ಕಲಿತವರು. ಏನು ಕೇಳಬೇಕು ಅನ್ನುವುದನ್ನು ಅವರೇ ಹೇಳಿಕೊಟ್ಟರಂತೆ. "ಯಾವ ಭಾಷಾ ಬೇಕು ಅಂತ ಕೇಳಬ್ಯಾಡ್ರಿ. ಮನ್ಯಾಗ ಯಾರರ ಬ್ಯಾನಿ ಬಿದ್ದಾಗ ಯಾವ ಭಾಷಾದಾಗ ಪ್ರಾರ್ಥನಾ ಮಾಡ್ತೀರಿ ಅಂತ ಕೇಳ್ರಿ."

ಹಾಗೆ ಕೇಳಿದ್ದರಿಂದ ಉತ್ತರವೇ ಬೇರೆಯಾಯಿತು. ಮರಾಠಿಯೇ ಬೇಕು ಅಂದ ಮನೆಯಲ್ಲಿ ಮೊಮ್ಮಗ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ಕನ್ನಡ ಬೇಕು ಅಂತ ಎದ್ದು ನಿಂತವನ ಮನೆಯಲ್ಲಿ ಅತ್ತೆಯ ಉಸಿರಾಟದ ತೊಂದರೆಗೆ ಎಲ್ಲರೂ ಕೂಡಿ ಹಾಡಿದ್ದು ಟಿಳಕರ ಮರಾಠಿ ಭಜನೆ. ಪೂರಾ ಒಂದೇ ಭಾಷೆಯ ಮನೆಗಳು ಎಣಿಸಿದರೆ ಕೆಲವೇ ಕೆಲವು.

ಕೊನೆಗೆ ಆದ ತೀರ್ಮಾನ ಇಷ್ಟು. ಸಂಡೇ ಸ್ಕೂಲಿನ ಪಾಠ ಕನ್ನಡದಲ್ಲಿ. ಶಾಸ್ತ್ರಪಾಠ ಎರಡೂ ಭಾಷೆಯಲ್ಲಿ. ಪ್ರಸಂಗ ಒಂದು ವಾರ ಮರಾಠಿ, ಒಂದು ವಾರ ಕನ್ನಡ. ಹಾಡು ಎರಡೂ. ಕರ್ತನ ಪ್ರಾರ್ಥನೆಯನ್ನು ಮಾತ್ರ ಎಲ್ಲರೂ ಒಟ್ಟಿಗೆ, ಅವರವರ ಭಾಷೆಯಲ್ಲಿ. ಮೊದಲ ವಾರ ಅದು ಸಂತೆಯ ಗದ್ದಲದ ಹಾಗಿತ್ತು. ಯಾರೋ ಮುಂದೆ, ಯಾರೋ ಹಿಂದೆ. ಈಗ ಮೊದಲು ಮುಗಿಸಿದವರು ಸುಮ್ಮನೆ ನಿಲ್ಲುತ್ತಾರೆ. ಉಳಿದವರದು ಮುಗಿದ ಮೇಲೆ ಆಮೆನ್ ಎಲ್ಲರದೂ ಕೂಡಿ ಬೀಳುತ್ತದೆ.

ಎಲ್ಲರೂ ಒಪ್ಪಿಕೊಂಡು ಸುಖವಾಗಿದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ಮನೆಯವರು ಗಡಿ ದಾಟಿ ಆಚೆಯ ಚರ್ಚಿಗೆ ಹೋಗಲು ಶುರುಮಾಡಿದರು, ಇನ್ನೂ ವಾಪಸ್ ಬಂದಿಲ್ಲ. ಆ ಹಳೆಯ ಹಿರಿಯರು ಕಮಿಟಿ ಬಿಟ್ಟರು. ಚರ್ಚಿಗೆ ಬರುವುದನ್ನು ಬಿಡಲಿಲ್ಲ, ಆದರೆ ಕನ್ನಡ ಪ್ರಸಂಗದ ವಾರ ಕೊನೆಯ ಬೆಂಚಿನಲ್ಲಿ ಮರಾಠಿ ಬೈಬಲ್ ತೆರೆದು ಕೂರುತ್ತಿದ್ದರು.

ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ಗುಂಪು ನನ್ನ ಪಾಲಿಗೆ ಬಂತು. ಹನ್ನೆರಡು ಮಕ್ಕಳು. ಕನ್ನಡ ಪಾಠದ ಮೊದಲ ದಿನವೇ ಐದನೆಯ ಈಯತ್ತೆಯ ಹುಡುಗಿ ಕೈ ಎತ್ತಿದಳು. "ಸರ್, ದೇವರು ಅಂದ ಮ್ಯಾಲೆ ಮಾಡಿದರು ಅನ್ನಬೇಕಲ್ರೀ? ಇಲ್ಲಿ ಮಾಡಿದನು ಅಂತ ಯಾಕ ಐತಿ?" ನಮ್ಮ ಹಳೆಯ ಕನ್ನಡ ಬೈಬಲ್ಲಿನಲ್ಲಿ ಹಾಗೇ ಇದೆ. ಹೆಸರಿಗೆ ಗೌರವದ ಬಹುವಚನ, ಕ್ರಿಯಾಪದಕ್ಕೆ ಏಕವಚನ. ನಾನು ಹೇಳಿದೆ, "ದೇವರು ಒಬ್ಬನೇ ಅಂತ ಹೇಳಲಿಕ್ಕೆ." ಅವಳು ಸ್ವಲ್ಪ ಯೋಚಿಸಿ, "ನಮ್ಮ ಸಾಲ್ಯಾಗ ಹಿಂಗ ಬರದ್ರ ತಪ್ಪ ಹಾಕ್ತಾರ್ರಿ," ಅಂದಳು. ವ್ಯಾಕರಣ ಬಲ್ಲ ಬ್ಲಾಗಿಗರೇ, ಅವಳಿಗೆ ಇನ್ನೂ ಒಳ್ಳೆಯ ಉತ್ತರ ಇದ್ದರೆ ದಯವಿಟ್ಟು ತಿಳಿಸಿ!

ಪಾಠ ಕನ್ನಡದಲ್ಲಾಯಿತು, ಸರಿ. ಆದರೆ ಹಾಡು? ಅಜ್ಜ ಅಜ್ಜಿಯರ ಮರಾಠಿ ಹಾಡು ಮಕ್ಕಳಿಗೆ ಕಿವಿಯಲ್ಲಿದೆ, ಕಣ್ಣಿಗಿಲ್ಲ. ದೇವನಾಗರಿ ತಡವರಿಸುತ್ತಾರೆ. ಆಗ ನಾವು ಒಂದು ವಹಿ ಮಾಡಿದೆವು. ಒಂದೊಂದು ರವಿವಾರ ಒಂದೊಂದು ಮರಾಠಿ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು. ಸುಲಭ ಅಂದುಕೊಂಡಿದ್ದೆವು, ಬರೆಯಲು ಕೂತಾಗಲೇ ತಿಳಿದದ್ದು. ಮರಾಠಿಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ, ಕನ್ನಡದಲ್ಲಿ ನಾವು ಆರಿಸಬೇಕು. ಮಾಝಾ, ತುಝಾ ಅನ್ನುವಲ್ಲಿ ಬರುವ ಸದ್ದಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಮಕ್ಕಳು ಅದನ್ನು ಝರಿಯ ಝ ಹಾಗೆ ಓದಿದರೆ ಅಜ್ಜಿಯರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ. ಕೊನೆಗೆ ಮಕ್ಕಳೇ ಉಪಾಯ ಮಾಡಿದರು. ಆ ಅಕ್ಷರದ ಕೆಳಗೆ ಕೆಂಪು ಪೆನ್ನಿನಿಂದ ಒಂದು ಚುಕ್ಕೆ. ಕೆಂಪು ಚುಕ್ಕೆ ಕಂಡರೆ ಅಜ್ಜಿಯ ಹಾಗೆ ಅನ್ನಬೇಕು, ಅಷ್ಟೇ ನಿಯಮ.

ಅರ್ಥ ಕೇಳಿಕೊಂಡು ಬರುವುದು ಮನೆಗೆಲಸ. ನನ್ನನ್ನು ಕೇಳುವ ಹಾಗಿಲ್ಲ, ಮನೆಯಲ್ಲಿ ಇಲ್ಲಾ ನೆರೆಯಲ್ಲಿ ಯಾರಾದರೂ ಹಿರಿಯರನ್ನು ಕೇಳಬೇಕು. ಹೀಗೆ ಒಂದು ದಿನ ಮೂವರು ಹುಡುಗರು ವಹಿ ಹಿಡಿದು ಆ ಕೊನೆಯ ಬೆಂಚಿನ ಹಿರಿಯರ ಮನೆಗೇ ಹೋದರು. ಅವರು ಕನ್ನಡಕ ಹಾಕಿಕೊಂಡು ವಹಿ ತಿರುವಿ ನೋಡಿ, "ಇದೇನ್ರೋ, ನಮ್ಮ ದೇವರ ಹಾಡಿಗೆ ನಿಮ್ಮ ಅಂಗಿ ತೊಡಿಸೀರಿ!" ಅಂದರಂತೆ. ಆದರೂ ಕೂರಿಸಿಕೊಂಡು ಅರ್ಥ ಹೇಳಿದರು. ಮುಂದಿನ ವಾರ ಹುಡುಗರು ಮತ್ತೆ ಹೋದರು. ಅದರ ಮುಂದಿನ ವಾರವೂ. ಅವರ ಮನೆಯಲ್ಲಿ ಶೇಂಗಾ ಉಂಡಿ ಕೊಡುತ್ತಿದ್ದರು ಅನ್ನುವುದೂ ಒಂದು ಕಾರಣ ಇರಬಹುದು :-)

ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮಕ್ಕಳು, ಮೊಮ್ಮಕ್ಕಳು ಪುಣೆ, ಬೆಂಗಳೂರು ಅಂತ ಹಂಚಿಹೋದವರು. ಮಣ್ಣಿಗೆ ಬಂದ ಮೊಮ್ಮಕ್ಕಳಿಗೆ ಅವರ ಇಷ್ಟದ ಹಾಡು ಒಂದು ಸಾಲೂ ಬರುತ್ತಿರಲಿಲ್ಲ. ಸಂಡೇ ಸ್ಕೂಲಿನ ಹನ್ನೆರಡು ಮಕ್ಕಳು ಕೊಡೆಯ ಕೆಳಗೆ ಒತ್ತಿಕೊಂಡು ನಿಂತು, ವಹಿ ನೋಡಿಕೊಂಡು ಪೂರ್ತಿ ಹಾಡಿದರು. ಮಳೆಗೆ ಕೆಂಪು ಚುಕ್ಕೆಗಳು ಹರಡಿ ಹಾಳೆಯೆಲ್ಲ ಗುಲಾಬಿಯಾಗಿತ್ತು. ಹೇಗೆ ಅನ್ನಬೇಕು ಅನ್ನುವುದು ಅಷ್ಟು ಹೊತ್ತಿಗೆ ಅವರಿಗೆ ಬಾಯಿಗೆ ಬಂದಿತ್ತು. ಕಲಿಸಿದವರು ಅವರೇ ಅಲ್ಲವೇ?

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ನಮ್ಮ ಸಭೆಯ ಹೆಸರಿನ ಅರ್ಥವೇ ಹಿರಿಯರದು. ಆದರೆ ಮಕ್ಕಳಿಗೆ ಹಿರಿಯರ ಮಾತು ತಿಳಿಯದಿದ್ದರೆ ಅವರು ಯಾರಿಗೆ ಹಿರಿಯರು? ಹಾಗಂತ ಹಿರಿಯರ ಭಾಷೆಯಲ್ಲೇ ಮಕ್ಕಳನ್ನು ಒಂದೂವರೆ ತಾಸು ಗೊಂಬೆಗಳಂತೆ ಕೂರಿಸಿದರೆ ಹತ್ತು ವರ್ಷಕ್ಕೆ ಜಮಖಾನೆ ಖಾಲಿ. ರವಿವಾರದ ಆರಾಧನೆ ಬರೀ ಒಂದೂವರೆ ತಾಸಿನದು. ಆ ಹೊತ್ತಿನಲ್ಲಿ ಎಂಬತ್ತರವರೂ ಎಂಟರವರೂ ಒಂದೇ ಹಾಡನ್ನು ಕೂಡಿ ಹಾಡಲಿಕ್ಕೆ ಬರಬೇಕು. ಅದಕ್ಕೆ ಉಳಿದ ಆರು ದಿನ ಯಾರಾದರೂ ಯಾರ ಮನೆಗಾದರೂ ವಹಿ ಹಿಡಿದು ಹೋಗಬೇಕಾಗುತ್ತದೆ. ಗಡಿಯ ಪ್ರಶ್ನೆಗೆ ಕೋರ್ಟು ಉತ್ತರ ಹೇಳಲಿ, ಇದಕ್ಕೆ ನಾವೇ ಹೇಳಿಕೊಳ್ಳಬೇಕು.

ನಮ್ಮದೊಂದೇ ಹೀಗಲ್ಲ. ಶೇಡಬಾಳದ ಜೈನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, ಅವರ ಬಸದಿಯ ಪಾಠಶಾಲೆಯಲ್ಲೂ ಪ್ರಾಕೃತ, ಮರಾಠಿ, ಹಿಂದಿ, ಕನ್ನಡ ಅಂತ ಇದೇ ಪಂಚಾಯಿತಿ ನಡೆಯುತ್ತದೆ ಅಂದ. ಕಾಸರಗೋಡಿನಲ್ಲೋ, ಸೊಲ್ಲಾಪುರದಲ್ಲೋ, ಅಮೆರಿಕದಲ್ಲೋ ಇರುವ ಬ್ಲಾಗಿಗರೇ, ನಿಮ್ಮ ಮನೆಯ ಮಕ್ಕಳು ಅಜ್ಜಿಯ ಹಾಡನ್ನು ಯಾವ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ? ತಿಳಿಸಿ. ಈ ವಾರದ ಹಾಡು ಇನ್ನೂ ವಹಿಗೆ ಇಳಿದಿಲ್ಲ, ಕೆಂಪು ಪೆನ್ನು ಮಗಳ ಕಂಪಾಸ ಪೆಟ್ಟಿಗೆಯಿಂದ ಕಾಣೆಯಾಗಿದೆ, ಹುಡುಕಬೇಕು. ಮತ್ತೆ ಸಿಗೋಣ.